ದರ ಏರಿಲ್ಲ, ಬಿಲ್ ಏರಿದೆ: ಬೆಂಗಳೂರಿನ ಆಸ್ತಿ ತೆರಿಗೆಯ ಗೊಂದಲ

ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ದರ ಕೊನೆಯ ಸಲ ಏರಿದ್ದು 2016ರಲ್ಲಿ. ಆದರೆ ಯಾವ ಮನೆ ಮಾಲೀಕರನ್ನು ಕೇಳಿದರೂ ‘ವರ್ಷಾ ವರ್ಷಾ ಜಾಸ್ತಿ ಆಗ್ತಾನೇ ಇದೆ’ ಅನ್ನುತ್ತಾರೆ. ಎರಡು ಮಾತೂ ಸುಳ್ಳಲ್ಲ. ದರ ನಿಂತಲ್ಲೇ ನಿಂತಿದೆ, ಕಟ್ಟುವ ಮೊತ್ತ ಮಾತ್ರ ಬೇರೆ ಬೇರೆ ದಾರಿಯಿಂದ ಮೇಲೆ ಹೋಗಿದೆ.

2025ರಲ್ಲಿ ಈ ಗೊಂದಲ ಇನ್ನಷ್ಟು ಬೆಳೆಯಿತು. ಏಪ್ರಿಲ್‌ನಿಂದ ಕಸ ವಿಲೇವಾರಿಯ ಬಳಕೆದಾರರ ಶುಲ್ಕ ಆಸ್ತಿ ತೆರಿಗೆಯ ಜೊತೆಗೇ ಸೇರಿಕೊಂಡಿತು. ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂತು. ಅದರಂತೆ ಸೆಪ್ಟೆಂಬರ್‌ನಲ್ಲಿ, ಇಡೀ ನಗರಕ್ಕೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಇನ್ನು ಮುಂದೆ ತೆರಿಗೆ ಯಾರಿಗೆ? ಹಳೇ ನೋಟಿಸ್‌ಗಳ ಗತಿ ಏನು? ಪಕ್ಕದ ಬಡಾವಣೆಗೊಂದು ದರ, ನಮಗೊಂದು ದರ ಆಗುತ್ತದಾ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಈ ತೆರಿಗೆಯ ಲೆಕ್ಕ ಹೇಗೆ ನಡೆಯುತ್ತದೆ ಎಂಬಲ್ಲಿಂದಲೇ ಶುರು ಮಾಡಬೇಕು.

ಲೆಕ್ಕ ಹೇಗೆ?

ಹಿಂದೆ ಪಾಲಿಕೆಯ ಸಿಬ್ಬಂದಿ ಮನೆಗೆ ಬಂದು, ಈ ಮನೆ ಬಾಡಿಗೆಗೆ ಕೊಟ್ಟರೆ ಎಷ್ಟು ಬರಬಹುದು ಎಂದು ಅಂದಾಜು ಮಾಡಿ ಕಂದಾಯ ಹಾಕುತ್ತಿದ್ದರು. ಅಂದಾಜು ಎಂದ ಮೇಲೆ ಚೌಕಾಸಿಯೂ ಇರುತ್ತಿತ್ತು. 2000ದಲ್ಲಿ ಸ್ವಯಂ ಘೋಷಣೆ ಪದ್ಧತಿ ಬಂತು. ಮಾಲೀಕರೇ ಅಳತೆ ಬರೆದು, ತಾವೇ ಲೆಕ್ಕ ಹಾಕಿ ಕಟ್ಟುವುದು. 2008ರಲ್ಲಿ ಇದಕ್ಕೆ ಯುಎವಿ, ಅಂದರೆ ಘಟಕ ಪ್ರದೇಶ ಮೌಲ್ಯದ ಲೆಕ್ಕ ಸೇರಿತು. ನಗರವನ್ನು ಎ ಇಂದ ಎಫ್‌ವರೆಗೆ ಆರು ವಲಯ ಮಾಡಿ, ಒಂದೊಂದು ವಲಯಕ್ಕೆ ಚದರಡಿಗೆ ಇಂತಿಷ್ಟು ಎಂದು ದರ ಕಟ್ಟಿದರು.

ಒಂದು ಉದಾಹರಣೆ ನೋಡೋಣ. ದರ ಲೆಕ್ಕಕ್ಕೆ ಸುಲಭವಾಗಲಿ ಎಂದು ಇಟ್ಟುಕೊಂಡಿದ್ದು, ಲೆಕ್ಕದ ಕ್ರಮ ಮಾತ್ರ ನಿಜದ್ದು. ಸಾವಿರ ಚದರಡಿಯ ಮನೆ, ಮಾಲೀಕರೇ ವಾಸ ಇದ್ದಾರೆ. ತಿಂಗಳಿಗೆ ಚದರಡಿಗೆ 2 ರೂಪಾಯಿ ಎಂದರೆ ತಿಂಗಳಿಗೆ 2,000. ವರ್ಷಕ್ಕೆ ಹನ್ನೆರಡಲ್ಲ, ಹತ್ತು ತಿಂಗಳ ಲೆಕ್ಕ, 20,000 ಆಯಿತು. ಕಟ್ಟಡಕ್ಕೆ ವಯಸ್ಸಾಗಿದೆ ಎಂದು ಶೇ 10 ಕಳೆದರೆ 18,000. ವಾಸದ ಮನೆಗೆ ಇದರ ಶೇ 20 ತೆರಿಗೆ, ಅಂದರೆ 3,600. ಇದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಸೆಸ್ ಎಲ್ಲಾ ಸೇರಿ ಶೇ 24, ಅಂದರೆ 864. ಒಟ್ಟು 4,464 ರೂಪಾಯಿ. ಏಪ್ರಿಲ್ ಮುಗಿಯುವುದರೊಳಗೆ ಪೂರ್ತಿ ಕಟ್ಟಿದವರಿಗೆ ಶೇ 5 ರಿಯಾಯಿತಿ.

ಅದೇ ಮನೆಯನ್ನು ಬಾಡಿಗೆಗೆ ಕೊಟ್ಟರೆ ಚದರಡಿ ದರ ಎರಡು ಪಟ್ಟು. ಬಿಲ್ 8,928ಕ್ಕೆ ಹೋಗುತ್ತದೆ. ಗೋಡೆ ಅದೇ, ರಸ್ತೆ ಅದೇ, ಬದಲಾಗಿದ್ದು ಒಳಗಿರುವವರು ಮಾತ್ರ. ಹೀಗಿರುವಾಗ ಬಾಡಿಗೆ ಮನೆಯನ್ನು ‘ಸ್ವಂತ ವಾಸ’ ಎಂದು ಬರೆಯುವ ಆಸೆ ಹುಟ್ಟುವುದು ಸಹಜ. ಅದನ್ನು ಹಿಡಿಯಲು ಪಾಲಿಕೆ ನೋಟಿಸ್ ಕೊಡುವುದೂ ಅಷ್ಟೇ ಸಹಜ. ಜಗಳದ ಬೀಜ ಸೂತ್ರದ ಒಳಗೇ ಇದೆ.

ಇಲ್ಲಿ ಇನ್ನೊಂದು ಮಾತು ಗಮನಿಸಿ. ಅಳತೆ, ವಲಯ, ಬಳಕೆ, ವಯಸ್ಸು ನಾಲ್ಕನ್ನೂ ಬರೆಯುವವರು ಮಾಲೀಕರು. ನಾಲ್ಕರಲ್ಲಿ ಯಾವುದೊಂದು ತಪ್ಪಿದರೂ ಹೊಣೆ ಅವರದೇ. ಅಧಿಕಾರಿಯ ಕಿರಿಕಿರಿ ತಪ್ಪಿಸಲು ಬಂದ ಪದ್ಧತಿ, ತಪ್ಪಿನ ಭಾರವನ್ನೂ ಜನರ ಹೆಗಲಿಗೇ ದಾಟಿಸಿತು.

ವಲಯ ತಪ್ಪಿದವರ ಕಥೆ

ಆ ಭಾರ ಎಷ್ಟೆಂದು ಗೊತ್ತಾಗಿದ್ದು 2016ರ ಪರಿಷ್ಕರಣೆಯ ನಂತರ. ಆ ವರ್ಷ ವಾಸದ ಕಟ್ಟಡಗಳಿಗೆ ಶೇ 20, ಉಳಿದವಕ್ಕೆ ಶೇ 25ರಷ್ಟು ತೆರಿಗೆ ಏರಿತು. ಜೊತೆಗೆ ಮಾರ್ಗಸೂಚಿ ದರ, ಅಂದರೆ ಆಸ್ತಿ ನೋಂದಣಿಗೆ ಸರ್ಕಾರ ಗೊತ್ತು ಮಾಡುವ ಕನಿಷ್ಠ ಬೆಲೆ, ನೋಡಿ ವಲಯಗಳನ್ನೂ ಹೊಸದಾಗಿ ಗುರುತಿಸಿದರು. ನಿನ್ನೆವರೆಗೆ ಸಿ ವಲಯದಲ್ಲಿದ್ದ ರಸ್ತೆ ಬಿ ಆಗಿರಬಹುದು. ಸಾಕಷ್ಟು ಜನ ಹಳೇ ವಲಯವನ್ನೇ ಆರಿಸಿಕೊಂಡು ಕಟ್ಟಿದರು. ಪಾಲಿಕೆಯ ತಂತ್ರಾಂಶ ಅದನ್ನು ತಡೆಯಲಿಲ್ಲ. ಹಣ ತೆಗೆದುಕೊಂಡು ರಸೀದಿ ಕೊಟ್ಟಿತು. ಮರು ವರ್ಷವೂ ಕೊಟ್ಟಿತು.

ವರ್ಷಗಳು ಕಳೆದ ಮೇಲೆ ನೋಟಿಸ್ ಬಂತು, 78 ಸಾವಿರಕ್ಕೂ ಹೆಚ್ಚು ಆಸ್ತಿಗಳಿಗೆ. ಆಗಿನ ಕಾನೂನಿನ ಪ್ರಕಾರ ಘೋಷಿಸಿದ್ದಕ್ಕೂ ನಿಜವಾಗಿ ಕಟ್ಟಬೇಕಾದ್ದಕ್ಕೂ ಶೇ 5ಕ್ಕಿಂತ ಜಾಸ್ತಿ ಅಂತರ ಇದ್ದರೆ, ಆ ವ್ಯತ್ಯಾಸ, ಅದರ ಎರಡು ಪಟ್ಟು ದಂಡ, ಮೇಲೆ ತಿಂಗಳಿಗೆ ಶೇ 2 ಬಡ್ಡಿ.

ಮೇಲಿನ ಮನೆಯನ್ನೇ ತೆಗೆದುಕೊಳ್ಳಿ. ವಲಯ ಬದಲಾಗಿ ದರ 2 ರೂಪಾಯಿ ಬದಲು 2.50 ಆಗಬೇಕಿತ್ತು ಎಂದಿಟ್ಟುಕೊಂಡರೆ, ಸರಿಯಾದ ತೆರಿಗೆ 5,580. ಕಡಿಮೆ ಕಟ್ಟಿದ್ದು ವರ್ಷಕ್ಕೆ 1,116. ನಾಲ್ಕು ವರ್ಷಕ್ಕೆ 4,464. ದಂಡ ಇದರ ಎರಡರಷ್ಟು, 8,928. ಮೊದಲ ವರ್ಷದ ಬಾಕಿಗೆ ನಾಲ್ಕು ವರ್ಷ, ಕೊನೆಯದಕ್ಕೆ ಒಂದು ವರ್ಷ ಎಂದು ಬಡ್ಡಿ ಹಾಕಿದರೆ ಸುಮಾರು 2,680. ನಾಲ್ಕೂವರೆ ಸಾವಿರದ ಬಾಕಿ ಹದಿನಾರು ಸಾವಿರ ದಾಟಿತು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಪಾಲಿಕೆಯ ವಾದ ಸರಳವಾಗಿತ್ತು. ವಲಯಗಳ ಪಟ್ಟಿ ಅಧಿಸೂಚನೆಯಲ್ಲಿ ಪ್ರಕಟವಾಗಿದೆ, ಸ್ವಯಂ ಘೋಷಣೆ ಎಂದ ಮೇಲೆ ನೋಡಿ ಬರೆಯುವುದು ನಿಮ್ಮ ಕೆಲಸ, ಸರಿಯಾಗಿ ಕಟ್ಟಿದ ಲಕ್ಷಾಂತರ ಜನ ಇಲ್ಲವೇ ಎಂಬುದು. ಮಾಲೀಕರ ವಾದವೂ ಸರಳ. ನಮ್ಮ ರಸ್ತೆ ಯಾವ ವಲಯ ಎಂದು ನಿಮ್ಮ ಕಂಪ್ಯೂಟರ್‌ಗೆ ಗೊತ್ತಿತ್ತು. ಅವತ್ತೇ ಹೇಳಿದ್ದರೆ ಆ ಸಾವಿರ ಚಿಲ್ಲರೆ ಅವತ್ತೇ ಕಟ್ಟುತ್ತಿದ್ದೆವು. ನಾಲ್ಕು ವರ್ಷ ಸುಮ್ನೆ ಇದ್ದು ಈಗ ಬಡ್ಡಿ ಕೇಳಿದರೆ ಹೇಗೆ?

ಇದರಲ್ಲಿ ಮಾಲೀಕರ ಮಾತೇ ಹೆಚ್ಚು ತೂಕದ್ದು. ಬಾಡಿಗೆ ಮನೆಯನ್ನು ಸ್ವಂತ ವಾಸ ಎಂದು ತೋರಿಸಿದ್ದರೆ ಅದು ಬಚ್ಚಿಟ್ಟ ವಿಷಯ. ಪಾಲಿಕೆಗೆ ತಿಳಿಯುವ ದಾರಿ ಕಡಿಮೆ. ರಸ್ತೆಯ ವಲಯ ಹಾಗಲ್ಲ. ಅದನ್ನು ನಿಗದಿ ಮಾಡಿದ್ದೇ ಪಾಲಿಕೆ. ಎರಡಕ್ಕೂ ಒಂದೇ ದಂಡ ಹಾಕಿದ್ದು ಕಾನೂನಿನ ಪ್ರಕಾರ ಸರಿ ಇದ್ದಿರಬಹುದು, ನ್ಯಾಯದ ಪ್ರಕಾರ ಅಲ್ಲ.

ಕೊನೆಗೆ 2024ರಲ್ಲಿ ಓಟಿಎಸ್, ಅಂದರೆ ಬಾಕಿಯನ್ನು ಒಂದೇ ಸಲಕ್ಕೆ ತೀರಿಸುವ ಯೋಜನೆ ಬಂತು. ಬಾಕಿದಾರರಿಗೆ ಬಡ್ಡಿ ಮನ್ನಾ, ದಂಡದಲ್ಲಿ ರಿಯಾಯಿತಿ. ಜುಲೈ ಕೊನೆಗೆ ಮುಗಿಯಬೇಕಿದ್ದ ಗಡುವನ್ನು ನವೆಂಬರ್ ಕೊನೆಯವರೆಗೆ ವಿಸ್ತರಿಸಿದರು. ಹಣವೇನೋ ಬಂತು. ಆದರೆ ನೋಟಿಸ್ ಬಂದ ವಾರವೇ ಸಾಲ ಸೋಲ ಮಾಡಿ ದಂಡ ಸಮೇತ ಕಟ್ಟಿದವರು ಏನು ಅಂದುಕೊಳ್ಳಬೇಕು? ಸ್ವಲ್ಪ ಕಾದರೆ ಮನ್ನಾ ಆಗುತ್ತದೆ ಎಂಬ ಪಾಠವನ್ನು ಸರ್ಕಾರವೇ ಹೇಳಿಕೊಟ್ಟಂತಾಯಿತು. ಮುಂದಿನ ಸಲ ಕಾಯುವವರ ಸಂಖ್ಯೆ ಜಾಸ್ತಿ ಆದರೆ ಆಶ್ಚರ್ಯ ಪಡಬೇಕಿಲ್ಲ.

ವರ್ಷಗಟ್ಟಲೆ ಮೌನ, ಆಮೇಲೆ ಒಂದೇ ಹಾರು

ತೆರಿಗೆಯನ್ನು ಮೂರು ವರ್ಷಕ್ಕೊಮ್ಮೆ ಏರಿಸಬೇಕೆಂಬ ನಿಯಮ ಮೊದಲಿನಿಂದ ಇತ್ತು. ಬೆಂಗಳೂರಿನಲ್ಲಿ 2008 ಆದ ಮೇಲೆ 2016ರವರೆಗೆ ಎಂಟು ವರ್ಷ ಏನೂ ಆಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಒಂದಲ್ಲ ಒಂದು ಚುನಾವಣೆ ಹತ್ತಿರ ಇದ್ದೇ ಇರುತ್ತದೆ. ಕಂದಾಯ ಏರಿಸಿದವರು ಎಂಬ ಹೆಸರು ಯಾರಿಗೆ ಬೇಕು?

ಏರಿಸದೆ ಬಿಟ್ಟರೆ ಜನರಿಗೆ ಲಾಭ ತಾನೆ ಅನ್ನಿಸಬಹುದು. ಆಗುವುದು ಬೇರೆ. ಪೌರಕಾರ್ಮಿಕರ ಸಂಬಳ, ಡಾಂಬರು, ಡೀಸೆಲ್ ಎಲ್ಲದರ ಬೆಲೆ ಏರುತ್ತಲೇ ಇರುತ್ತದೆ. ಪಾಲಿಕೆಯ ಕೈಯಲ್ಲಿರುವ ದೊಡ್ಡ ಸ್ವಂತ ಆದಾಯ ಆಸ್ತಿ ತೆರಿಗೆಯೇ. 2024-25ರಲ್ಲಿ ಬಿಬಿಎಂಪಿಗೆ ಬಂದದ್ದು ಸುಮಾರು 4,900 ಕೋಟಿ ರೂಪಾಯಿ. ದರ ಮುಟ್ಟುವಂತಿಲ್ಲ ಎಂದಾಗ ಕೊರತೆ ತುಂಬಲು ಉಳಿಯುವ ದಾರಿ ಮೂರು: ಹಳೇ ಬಾಕಿ ಕೆದಕುವುದು, ಹೊಸ ಶುಲ್ಕ ಸೇರಿಸುವುದು, ಇಲ್ಲವೇ ಸೂತ್ರವನ್ನೇ ಬದಲಿಸುವುದು. ಬೆಂಗಳೂರು ಮೂರನ್ನೂ ನೋಡಿದೆ. ಮೂರೂ ದಿಢೀರನೆ ಬಂದು ಬೀಳುವಂಥವು. ಜನರ ಸಿಟ್ಟಿಗೆ ಕಾರಣ ಮೊತ್ತಕ್ಕಿಂತ ಈ ದಿಢೀರ್‌ತನ. ಮುಂದಿನ ವರ್ಷ ಎಷ್ಟು ಎತ್ತಿಡಬೇಕು ಎಂದು ಹೇಳಲಾಗದ ತೆರಿಗೆ ಚಿಕ್ಕದಾದರೂ ಚುಚ್ಚುತ್ತದೆ, ಅಲ್ವಾ?

ಒತ್ತಡ ದೆಹಲಿಯಿಂದಲೂ ಇದೆ. ನಗರ ಸಂಸ್ಥೆಗಳಿಗೆ ಅನುದಾನ ಸಿಗಬೇಕಾದರೆ ರಾಜ್ಯಗಳು ಆಸ್ತಿ ತೆರಿಗೆಗೆ ಕನಿಷ್ಠ ದರ ನಿಗದಿ ಮಾಡಬೇಕು, ವಸೂಲಿಯೂ ರಾಜ್ಯದ ಆರ್ಥಿಕತೆ ಬೆಳೆದಷ್ಟು ಬೆಳೆಯಬೇಕು ಎಂದು 15ನೇ ಹಣಕಾಸು ಆಯೋಗ ಷರತ್ತು ಹಾಕಿತು. ರಾಜ್ಯ ಸರ್ಕಾರಕ್ಕೆ ಒಂದು ಕಡೆ ಮತದಾರ, ಇನ್ನೊಂದು ಕಡೆ ಅನುದಾನ.

ಮಾರ್ಗಸೂಚಿ ದರಕ್ಕೆ ಜೋಡಿಸಿದರೆ?

ಸೂತ್ರ ಬದಲಿಸುವ ಪ್ರಯತ್ನ ನಡೆದದ್ದು 2024ರ ಫೆಬ್ರುವರಿಯಲ್ಲಿ. ಯುಎವಿ ಬಿಟ್ಟು ಮಾರ್ಗಸೂಚಿ ದರದ ಮೇಲೆ, ಅಂದರೆ ನಾವೆಲ್ಲಾ ಗೈಡೆನ್ಸ್ ವ್ಯಾಲ್ಯೂ ಅನ್ನುವುದರ ಮೇಲೆ, ತೆರಿಗೆ ಹಾಕುವ ಕರಡು ಹೊರಬಿತ್ತು. ಸ್ವಂತ ವಾಸದ ಮನೆಗೆ ಅದರ ಶೇ 0.1, ಬಾಡಿಗೆ ಮನೆಗೆ ಶೇ 0.2, ವಾಣಿಜ್ಯ ಕಟ್ಟಡಕ್ಕೆ ಶೇ 0.5. ಏಪ್ರಿಲ್ 1ರಿಂದ ಜಾರಿ ಎಂದಿತ್ತು. ವಿರೋಧ ಜೋರಾಯಿತು, ಲೋಕಸಭೆ ಚುನಾವಣೆಯೂ ಬಾಗಿಲಲ್ಲಿತ್ತು. ಜಾರಿಗೆ ಬರಲಿಲ್ಲ.

ಪರವಾಗಿ ಹೇಳುವುದಕ್ಕೆ ಸಾಕಷ್ಟಿದೆ. ಆರು ವಲಯಗಳ ಲೆಕ್ಕದಲ್ಲಿ ಕೋಟಿಗಟ್ಟಲೆ ಬೆಲೆಯ ಬಂಗಲೆಗೂ ಅದೇ ವಲಯದ ಒಳರಸ್ತೆಯ ಸಾಧಾರಣ ಮನೆಗೂ ಚದರಡಿಗೆ ಹೆಚ್ಚು ಕಡಿಮೆ ಒಂದೇ ದರ. ಆಸ್ತಿಯ ಬೆಲೆಗೆ ತಕ್ಕ ತೆರಿಗೆ ಎಂಬುದು ಅದಕ್ಕಿಂತ ನ್ಯಾಯ. ವಲಯವನ್ನು ಮಾಲೀಕರು ಆರಿಸುವ ಗೋಜೂ ಇರುವುದಿಲ್ಲ.

ವಿರೋಧದಲ್ಲೂ ಹುರುಳಿದೆ. ಮಾರ್ಗಸೂಚಿ ದರವನ್ನು ನಿಗದಿ ಮಾಡುವುದು ಪಾಲಿಕೆಯಲ್ಲ, ನೋಂದಣಿ ಮತ್ತು ಮುದ್ರಾಂಕ ಇಲಾಖೆ. ಅದರ ಉದ್ದೇಶ ಆಸ್ತಿ ಮಾರುವಾಗ ಮುದ್ರಾಂಕ ಶುಲ್ಕ ತಪ್ಪದಂತೆ ನೋಡುವುದು. 2023ರ ಅಕ್ಟೋಬರ್ 1ರಿಂದ ಅದನ್ನು ರಾಜ್ಯದಾದ್ಯಂತ ಏರಿಸಲಾಗಿತ್ತು. ಆ ಏರಿಕೆ ಮನೆ ಕೊಳ್ಳುವವರಿಗೆ ಒಂದು ಸಲದ ಖರ್ಚು. ಆಸ್ತಿ ತೆರಿಗೆಯನ್ನು ಅದೇ ದರಕ್ಕೆ ಜೋಡಿಸಿದರೆ, ಮಾರುವ ಯೋಚನೆಯೇ ಇಲ್ಲದವರಿಗೂ ಅದು ಪ್ರತಿವರ್ಷದ ಖರ್ಚು. ಪಕ್ಕದಲ್ಲಿ ಮೆಟ್ರೊ ನಿಲ್ದಾಣ ಬಂತು, ಸೈಟಿನ ಬೆಲೆ ಏರಿತು, ಸರಿ. ನಿವೃತ್ತಿಯಾಗಿ ಪಿಂಚಣಿಯಲ್ಲಿ ಬದುಕುತ್ತಿರುವವರ ಆದಾಯ ಅದರಿಂದ ಒಂದು ರೂಪಾಯಿಯೂ ಏರಿಲ್ಲ.

ಅಂಕಿಯಲ್ಲಿ ಹೇಳುವುದಾದರೆ, ನಮ್ಮ ಉದಾಹರಣೆಯ ಮನೆಗೆ ಕಟ್ಟಡದ ವಯಸ್ಸಿನ ಕಡಿತ ಮತ್ತು ಸೆಸ್ ಬದಿಗಿಟ್ಟರೆ ಈಗಿನ ತೆರಿಗೆ 4,000. ಚದರಡಿಗೆ ಮಾರ್ಗಸೂಚಿ ದರ 4,000 ಇದ್ದರೆ ಹೊಸ ಲೆಕ್ಕದಲ್ಲೂ ಅಷ್ಟೇ. 6,000 ಇದ್ದರೆ 6,000, 10,000 ಇದ್ದರೆ 10,000. ಯಾರಿಗೆ ಇಳಿಯುತ್ತದೆ, ಯಾರಿಗೆ ಎರಡೂವರೆ ಪಟ್ಟಾಗುತ್ತದೆ ಎಂಬುದೆಲ್ಲಾ ರಸ್ತೆಯ ಮೇಲೆ ನಿಂತಿದೆ. ಈ ರಸ್ತೆವಾರು ಪಟ್ಟಿಯನ್ನು ಮೊದಲು ಮುಂದಿಟ್ಟು ಆಮೇಲೆ ಕರಡು ತಂದಿದ್ದರೆ ಗದ್ದಲ ಅರ್ಧ ಕಡಿಮೆ ಆಗುತ್ತಿತ್ತು.

ಬೆಂಗಳೂರಿನ ಹೊರಗೆ ಇದು ಹೊಸದೇನಲ್ಲ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರಿನಂಥ ಊರುಗಳಲ್ಲಿ ಎಷ್ಟೋ ವರ್ಷದಿಂದ ಆಸ್ತಿಯ ಮೌಲ್ಯದ ಲೆಕ್ಕವೇ. ಮೂರು ವರ್ಷಕ್ಕೊಮ್ಮೆ ಶೇ 15ರಿಂದ 30 ಏರುತ್ತಿತ್ತು. 2021ರ ತಿದ್ದುಪಡಿ ತೆರಿಗೆಯನ್ನು ಆಯಾ ವರ್ಷದ ಮಾರ್ಗಸೂಚಿ ದರಕ್ಕೆ ಜೋಡಿಸಿತು. ಈಗ ವರ್ಷಕ್ಕೆ ಶೇ 3ರಿಂದ 5ರಷ್ಟು ಏರಿಕೆ. ಅಲ್ಲಿಯೂ ಗೊಣಗಾಟ ಇಲ್ಲವೆಂದಲ್ಲ. ಆದರೆ ಎಂಟು ವರ್ಷ ಸುಮ್ಮನಿದ್ದು ಒಂದೇ ಸಲ ಹಾರುವುದಕ್ಕಿಂತ ಇದು ವಾಸಿ.

ಏರಿಕೆಗೆ ಕಡಿವಾಣ ಹಾಕಿದರೆ ಎಲ್ಲಾ ಸರಿಹೋಗುತ್ತದೆ ಎಂದೂ ತಿಳಿಯಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1978ರಿಂದ ಆಸ್ತಿಯ ತೆರಿಗೆ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುವಂತಿಲ್ಲ, ಮನೆ ಮಾರಾಟವಾದಾಗ ಮಾತ್ರ ಹೊಸ ಬೆಲೆ. ಅಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಇದರ ಫಲ ಗೊತ್ತು: ಮೂವತ್ತು ವರ್ಷದ ಹಿಂದೆ ಕೊಂಡ ಪಕ್ಕದ ಮನೆಯವರು ಕಟ್ಟುವುದರ ಹಲವು ಪಟ್ಟು ಇವರು ಕಟ್ಟುತ್ತಾರೆ. ಮುಂದಿನ ವರ್ಷದ ಬಿಲ್ ಎಷ್ಟೆಂದು ಗೊತ್ತಿರುತ್ತದೆ, ಅಕ್ಕಪಕ್ಕದವರ ನಡುವೆ ಸಮಾನತೆ ಇರುವುದಿಲ್ಲ.

ಕಸದ ಶುಲ್ಕ ಎಲ್ಲಿಂದ ಬಂತು?

ಆಸ್ತಿ ತೆರಿಗೆಯ ಜೊತೆ ಕಸಕ್ಕೆಂದು ಒಂದು ಚಿಕ್ಕ ಸೆಸ್ ಮುಂಚೆಯೂ ಇತ್ತು. 2025ರಲ್ಲಿ ಬಂದ ಬಳಕೆದಾರರ ಶುಲ್ಕ ಬೇರೆ, ದೊಡ್ಡದು. ವಾಸದ ಕಟ್ಟಡ 600 ಚದರಡಿಯವರೆಗೆ ಇದ್ದರೆ ತಿಂಗಳಿಗೆ 10 ರೂಪಾಯಿ, ಸಾವಿರದವರೆಗೆ 50, ಎರಡು ಸಾವಿರದವರೆಗೆ 100. ಹೀಗೆ ಏರಿ ನಾಲ್ಕು ಸಾವಿರ ದಾಟಿದರೆ 400. ವರ್ಷದ ಲೆಕ್ಕವನ್ನು ಒಟ್ಟಿಗೆ ಕಟ್ಟಬೇಕು.

ಸಾವಿರ ಚದರಡಿಯ ಮನೆಗೆ ವರ್ಷಕ್ಕೆ 600. ಒಂದೇ ಒಂದು ಚದರಡಿ ಜಾಸ್ತಿ ಇದ್ದರೆ 1,200. ಹಿಂದೆ ಅಳತೆಯನ್ನು ಅಂದಾಜಿನಲ್ಲಿ ಬರೆದವರಿಗೆ ಇದು ತಲೆನೋವು. ಇನ್ನು, ಶುಲ್ಕ ನಿಂತಿರುವುದು ಕಟ್ಟಡದ ಅಳತೆಯ ಮೇಲೆ, ಕಸದ ತೂಕದ ಮೇಲಲ್ಲ. ದೊಡ್ಡ ಮನೆಯಲ್ಲಿರುವ ಒಂಟಿ ಅಜ್ಜಿ, ಚಿಕ್ಕ ಮನೆಯಲ್ಲಿರುವ ಆರು ಜನರ ಸಂಸಾರಕ್ಕಿಂತ ಜಾಸ್ತಿ ಕೊಡುತ್ತಾರೆ.

ತೆರಿಗೆಗೂ ಶುಲ್ಕಕ್ಕೂ ಕಾನೂನಿನಲ್ಲಿ ವ್ಯತ್ಯಾಸ ಇದೆ. ತೆರಿಗೆ ಕಟ್ಟಿದವರು ‘ನನ್ನ ಹಣಕ್ಕೆ ಪ್ರತಿಯಾಗಿ ಇದೇ ಸೇವೆ ಕೊಡಿ’ ಎಂದು ಕೇಳುವಂತಿಲ್ಲ. ಶುಲ್ಕಕ್ಕೆ ಸೇವೆಯ ಜೊತೆ ನಂಟಿರಬೇಕು. ಕಸದ ಗಾಡಿ ದಿನಬಿಟ್ಟು ದಿನ ಬರುವ ರಸ್ತೆಯವರು ‘ಶುಲ್ಕ ಯಾಕೆ ಕೊಡಬೇಕು’ ಎಂದರೆ ಅದು ತಕರಾರಿಗಾಗಿ ತಕರಾರಲ್ಲ. ಆದರೆ ಶುಲ್ಕವನ್ನು ತೆರಿಗೆಯ ಬಿಲ್ಲಿಗೇ ಸೇರಿಸಿದ್ದರಿಂದ ಅದೊಂದನ್ನೇ ಪ್ರಶ್ನಿಸಿ ನಿಲ್ಲಿಸುವುದು ಕಷ್ಟ. ವಸೂಲಿಗೆ ಇದು ಅನುಕೂಲ, ಉತ್ತರದಾಯಿತ್ವಕ್ಕೆ ಅಲ್ಲ.

ಕೇಳಬೇಕಾದವರು ಯಾರು?

2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿಯಿತು. ಚುನಾವಣೆ ನಡೆಯದೆ, ಆಡಳಿತಾಧಿಕಾರಿಗಳ ಕೈಯಲ್ಲೇ ವರ್ಷಗಳು ಉರುಳಿದವು. ವಲಯದ ನೋಟಿಸ್, 2024ರ ಕರಡು, ಕಸದ ಶುಲ್ಕ ಎಲ್ಲವೂ ಬಂದಿದ್ದು ಈ ಅವಧಿಯಲ್ಲೇ. ವಾರ್ಡಿನಲ್ಲಿ ಕಾರ್ಪೊರೇಟರ್ ಇದ್ದಿದ್ದರೆ ತೆರಿಗೆ ಕಡಿಮೆ ಆಗುತ್ತಿತ್ತು ಎಂದಲ್ಲ. ಆದರೆ ಬೈಸಿಕೊಳ್ಳುವವರೊಬ್ಬರು ಬೀದಿಯಲ್ಲೇ ಸಿಗುತ್ತಿದ್ದರು. ಆ ಬೈಗುಳ ಕೌನ್ಸಿಲ್ ಸಭೆಗೆ, ಅಲ್ಲಿಂದ ಆಯುಕ್ತರ ಟೇಬಲ್ಲಿಗೆ ಹೋಗುತ್ತಿತ್ತು. ಅವರಿಲ್ಲದಾಗ ಸಿಟ್ಟೆಲ್ಲಾ ನೇರವಾಗಿ ವಿಧಾನಸೌಧಕ್ಕೆ ಹೋಗುತ್ತದೆ. ಅಲ್ಲಿ ಅದಕ್ಕೆ ಸಿಗುವ ಉತ್ತರ ಎರಡೇ: ಪೂರ್ತಿ ಜಾರಿ, ಇಲ್ಲವೇ ಪೂರ್ತಿ ವಾಪಸ್.

ಐದು ಪಾಲಿಕೆಗಳಾದ ಮೇಲೆ

ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು ಬಂದಿವೆ. ತೆರಿಗೆ ಈಗ ಆಯಾ ಪಾಲಿಕೆಯ ಆದಾಯ. ಹಳೇ ಬಾಕಿ, ಹಳೇ ನೋಟಿಸ್‌ಗಳು ಬಿಬಿಎಂಪಿಯ ಜೊತೆಗೇ ಮುಗಿದುಹೋದವು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಸ ಸಂಸ್ಥೆ ಹಳೆಯದರ ಬಾಕಿಯನ್ನೂ ವಹಿಸಿಕೊಳ್ಳುತ್ತದೆ.

ದೊಡ್ಡ ಬದಲಾವಣೆ ಕಾಣಲು ಸ್ವಲ್ಪ ಕಾಲ ಬೇಕು. ಬಿಬಿಎಂಪಿಯಲ್ಲಿ ಅತಿ ಹೆಚ್ಚು ಆಸ್ತಿ ತೆರಿಗೆ ಬರುತ್ತಿದ್ದುದು ಐಟಿ ಪಾರ್ಕುಗಳಿರುವ ಮಹದೇವಪುರ ವಲಯದಿಂದ. ಅಲ್ಲಿ ಬಂದ ಹಣ ಬೇರೆ ಕಡೆಯೂ ಖರ್ಚಾಗುತ್ತಿತ್ತು. ಈಗ ಮಹದೇವಪುರ ಮತ್ತು ಕೆ.ಆರ್. ಪುರ ಸೇರಿ ಪೂರ್ವ ಪಾಲಿಕೆ. ವೈಟ್‌ಫೀಲ್ಡಿನವರಿಗೆ ‘ನಮ್ಮ ತೆರಿಗೆ ನಮ್ಮ ರಸ್ತೆಗೆ’ ಎನ್ನಲು ಕೊನೆಗೂ ಒಂದು ಅವಕಾಶ. ಆದಾಯ ಕಡಿಮೆ ಇರುವ ಪಾಲಿಕೆಗಳು ಮಾತ್ರ ರಾಜ್ಯ ಸರ್ಕಾರದ ಮುಂದೆ ಕೈಚಾಚಬೇಕು, ಇಲ್ಲವೇ ತಮ್ಮಲ್ಲಿರುವ ಮಾಲೀಕರಿಂದಲೇ ಹೆಚ್ಚು ವಸೂಲಿ ಮಾಡಬೇಕು. ಹಾಗೆ ಒತ್ತಡ ಬಂದಾಗ ಮೊದಲು ಹೊರಬರುವುದು ದರ ಏರಿಕೆಯ ಪ್ರಸ್ತಾವವಲ್ಲ, ಬಾಕಿದಾರರ ಪಟ್ಟಿ. ವಾಣಿಜ್ಯ ಕಟ್ಟಡಗಳಿಗೆ ಬೀಗ ಹಾಕುವುದನ್ನು ಈಗಾಗಲೇ ನೋಡಿದ್ದೇವೆ.

ಹಾಗಾಗಿ ಸದ್ಯಕ್ಕೆ ಮಾಲೀಕರ ಕೈಯಲ್ಲಿರುವುದು ತಮ್ಮ ದಾಖಲೆಯನ್ನು ತಾವೇ ಒಮ್ಮೆ ನೋಡಿಕೊಳ್ಳುವುದು. ರಸೀದಿಯಲ್ಲಿರುವ ವಲಯ, ಅಧಿಸೂಚನೆಯಲ್ಲಿ ನಿಮ್ಮ ರಸ್ತೆಗಿರುವ ವಲಯ ಒಂದೇನಾ? ಅಳತೆ ಇ-ಖಾತೆಯಲ್ಲೂ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ತೆರಿಗೆ ಅರ್ಜಿಯಲ್ಲೂ ಒಂದೇ ಇದೆಯಾ? ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾದ ಮೇಲೆ ಈ ಎರಡು ಅಂಕಿಗಳನ್ನು ಹೋಲಿಸಿ ನೋಡುವುದು ಪಾಲಿಕೆಗೆ ಸುಲಭವಾಗಿದೆ. ದಾಖಲೆಯಲ್ಲಿ ಹಳೇ ಮೊಬೈಲ್ ನಂಬರ್ ಇದ್ದರೆ ಬದಲಿಸಿ. ಊರಲ್ಲಿ ಸೈಟು ಬಿಟ್ಟು ಹೊರದೇಶದಲ್ಲಿರುವವರಿಗೆ ಎಷ್ಟೋ ಸಲ ನೋಟಿಸ್ ಬಂದದ್ದೇ ತಿಳಿಯುವುದಿಲ್ಲ, ಬಡ್ಡಿ ಓಡುತ್ತಿರುತ್ತದೆ. ವ್ಯತ್ಯಾಸ ಕಂಡರೆ ನೋಟಿಸ್ ಬರುವ ಮುಂಚೆಯೇ ತಿದ್ದಿ ಕಟ್ಟುವುದು ಅಗ್ಗ. ಮತ್ತೊಂದು ಓಟಿಎಸ್ ಬರುತ್ತದೆ ಎಂದು ಕಾಯುವವರು, ಅದು ಬರದೇ ಹೋದರೆ ಮೊತ್ತ ಎಷ್ಟಾಗುತ್ತದೆ ಎಂದು ಮೊದಲು ಲೆಕ್ಕ ಹಾಕಿ ನೋಡಲಿ.